ಅಟ್ಲಾಂಟಿಕ್ ದಾಟುವ ಮುಂಬೈ ಕನ್ನಡಿಗರಿಗೆ

ಮಾಟುಂಗಾ, ಡೊಂಬಿವಲಿಗಳಿಂದ ಅಮೆರಿಕದ ಮಕ್ಕಳ ಮನೆಗೆ ಹೊರಡುವ ನಮ್ಮ ಹಿರಿಯರು ಹಡಗಿನಲ್ಲಿ ಸಾಗಬಯಸಿದರೆ, ಲಂಡನ್‌ವರೆಗೆ ವಿಮಾನದಲ್ಲಿ ಹೋಗಿ, 2004ರಿಂದ ಸಂಚರಿಸುತ್ತಿರುವ ‘ಕ್ವೀನ್ ಮೇರಿ 2’ ಹಡಗನ್ನು ಸೌತಾಂಪ್ಟನ್ ಬಂದರಿನಲ್ಲಿ ಹತ್ತಬೇಕು. ನ್ಯೂಯಾರ್ಕ್ ತಲುಪಲು ಸಾಮಾನ್ಯವಾಗಿ 7 ರಾತ್ರಿ ಹಿಡಿಯುತ್ತದೆ. ಬ್ರಿಟನ್, ಅಮೆರಿಕ ಎರಡರ ವೀಸಾಗಳೂ ಮೊದಲೇ ಕೈಯಲ್ಲಿರಬೇಕು.

ಕೋಣೆಯನ್ನು ಆರಿಸುವಾಗ ಮೇಲಂತಸ್ತಿನ ಬಾಲ್ಕನಿಯ ಮೋಹಕ್ಕೆ ಬೀಳದಿರುವುದು ಲೇಸು. ಏತದ ಮರದ ತುದಿಗಳು ಎಷ್ಟೇ ಏರಿಳಿದರೂ ನಡುವಿನ ಭಾಗ ಹೆಚ್ಚು ಕದಲದಂತೆ, ಅಲೆಗಳಿಗೆ ಹಡಗು ಹೊಯ್ದಾಡುವಾಗ ಮಧ್ಯಭಾಗದ ಕೆಳ ಅಂತಸ್ತಿನ ಕೋಣೆಗಳು ಕಡಿಮೆ ಅಲುಗುತ್ತವೆ. ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಒಯ್ಯಬೇಕು, ಹೊಟ್ಟೆ ತೊಳಸುವ ಮೊದಲೇ ನುಂಗಬೇಕು.

ಪಶ್ಚಿಮಕ್ಕೆ ಸಾಗುವಾಗ ಸಾಮಾನ್ಯವಾಗಿ 5 ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಆ ದಿನಗಳಿಗೆ 25 ಗಂಟೆ ದೊರೆಯುತ್ತದೆ. ವಿಮಾನಯಾನದ ನಿದ್ದೆಗೇಡು ಅಷ್ಟಾಗಿ ಕಾಡದು. ಆದರೆ ಸಕ್ಕರೆ ಕಾಯಿಲೆಯವರು ಔಷಧಿಯ ವೇಳೆಯನ್ನು ಹೇಗೆ ಹೊಂದಿಸಬೇಕೆಂದು ವೈದ್ಯರಿಂದ ಬರೆಸಿಕೊಂಡಿರಬೇಕು.

ಸಸ್ಯಾಹಾರದ ವಿಷಯವನ್ನು ಟಿಕೆಟ್ ಕಾದಿರಿಸುವಾಗಲೇ ತಿಳಿಸಬೇಕು. ಚಟ್ನಿಪುಡಿ (ಅದಿಲ್ಲದೆ ನಮ್ಮವರು ಹೊರಡುವುದುಂಟೇ!) ಉಳಿದರೆ ನ್ಯೂಯಾರ್ಕಿನ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಔಪಚಾರಿಕ ಉಡುಪಿನ ಸಂಜೆಗಳಿಗೆ ರೇಷ್ಮೆ ಸೀರೆ, ಬಂದ್‌ಗಲಾ ಧಾರಾಳವಾಗಿ ಸಲ್ಲುತ್ತವೆ.