ಡೆಸ್ಕ್‌ಟಾಪ್ ಜೋಡಿಸುವ ಮುನ್ನ ಪ್ಲಗ್ ಪಾಯಿಂಟ್ ನೋಡಿ

ಪಿಯುಸಿ ಮುಗಿಸಿದ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಮನೆಮನೆಯಲ್ಲಿ ಒಂದೇ ಚರ್ಚೆ. ರೆಡಿಮೇಡ್ ಕಂಪ್ಯೂಟರ್ ತರುವುದೋ, ಬಿಡಿಭಾಗ ತಂದು ನಾವೇ ಜೋಡಿಸುವುದೋ? ನೀವೇ ಜೋಡಿಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಅವಸರವಿಲ್ಲದ ಒಂದು ದಿನ, ಇಷ್ಟಿದ್ದರೆ ಸಾಕು. ನಾಳೆ ಏನಾದರೂ ಕೆಟ್ಟರೆ ಯಾವುದು ಕೆಟ್ಟಿದೆ ಎಂದು ನಿಮಗೇ ಗೊತ್ತಾಗುತ್ತದೆ, ಅದೊಂದನ್ನೇ ಬದಲಿಸಬಹುದು. ಆದರೆ ಯೂಟ್ಯೂಬ್ ವಿಡಿಯೊಗಳು ಪ್ರೊಸೆಸರ್ ಆಯ್ಕೆಯಿಂದ ಶುರುವಾಗುತ್ತವೆ. ನಮ್ಮ ಕಡೆ ಕರೆಂಟು ಮತ್ತು ಥಂಡಿ, ಇವೆರಡನ್ನು ಮೊದಲು ನೋಡಿಕೊಳ್ಳಬೇಕು.

ಮೊದಲು ಗೋಡೆ

ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೇಲಿನ ದಪ್ಪ ತೂತಿಗೆ ಅರ್ಥ್ ವೈರೇ ಬಂದಿರುವುದಿಲ್ಲ. ಬಲ್ಬು, ಫ್ಯಾನು ಇದಿಲ್ಲದೆಯೂ ನಡೆಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಹಾಗಲ್ಲ. ಗೋಡೆಯ ಕರೆಂಟನ್ನು ಬಿಡಿಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಅದರ ಒಳಗೆ ಕರೆಂಟನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳಿವೆ. ಅವು ಚೂರು ಕರೆಂಟನ್ನು ಸದಾ ಅರ್ಥ್‌ಗೆ ಬಿಡುತ್ತಿರುತ್ತವೆ. ಅರ್ಥ್ ಇಲ್ಲದಿದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ, ಕ್ಯಾಬಿನೆಟ್ಟಿನ ತಗಡಿನ ಮೇಲೇ 230 ವೋಲ್ಟ್‌ನ ಹೆಚ್ಚುಕಡಿಮೆ ಅರ್ಧದಷ್ಟು ಬಂದು ನಿಲ್ಲುತ್ತದೆ. ಬರಿಗಾಲಲ್ಲಿ ನಿಂತು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಇದಕ್ಕೇ. ಆ ಜುಮ್ಮನ್ನು ಮಾಮೂಲಿ ಎಂದು ಬಿಡಬೇಡಿ. ಅದೇ ಸ್ಥಿತಿಯಲ್ಲಿ ಟಿವಿಗೋ ಪ್ರಿಂಟರಿಗೋ ಕೇಬಲ್ ಚುಚ್ಚಿದರೆ ಪೋರ್ಟ್ ಸುಟ್ಟುಹೋಗಬಹುದು.

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಮೀಟರ್ ಹಿಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ತೋರಿಸುತ್ತದೋ, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ, ಹತ್ತಿಪ್ಪತ್ತು ಇದ್ದರೆ ಅರ್ಥಿಂಗ್ ಸರಿಯಿಲ್ಲ. ಅರಸೀಕೆರೆ, ಕಡೂರಿನಂಥ ಒಣ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಅರ್ಥ್ ಗುಂಡಿಯ ಸುತ್ತಲ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಆಗಾಗ ಒಂದೆರಡು ಬಿಂದಿಗೆ ನೀರು ಹಾಕುತ್ತಿರಿ.

ಆಮೇಲೆ ಯುಪಿಎಸ್, ಅಂದರೆ ಕರೆಂಟು ಹೋದಾಗ ಕಂಪ್ಯೂಟರನ್ನು ಕೆಲವು ನಿಮಿಷ ನಿಲ್ಲಿಸಿಕೊಳ್ಳುವ ಬ್ಯಾಟರಿ ಡಬ್ಬಿ. 600 ವಿಎ ಎಂದು ಬರೆದ ಸಣ್ಣ ಯುಪಿಎಸ್ ನಿಜವಾಗಿ ಕೊಡುವುದು ಸಾಮಾನ್ಯವಾಗಿ 360 ವಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಬಳಕೆಯ ಯಂತ್ರಕ್ಕೂ ಮಾನಿಟರಿಗೂ ಅದು ಧಾರಾಳ. ವೋಲ್ಟೇಜ್ ಏರಿಳಿತವನ್ನು ತಾನೇ ಸರಿಪಡಿಸುವ, ‘ಲೈನ್ ಇಂಟರ್‍ಯಾಕ್ಟಿವ್’ ಎಂದು ಬರೆದಿರುವಂಥದ್ದನ್ನೇ ಕೇಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಇದೆಯೇ ನೋಡಿ. ಅದಿಲ್ಲದಿದ್ದರೆ ಕರೆಂಟು ಹೋಗಿ ಇನ್ವರ್ಟರ್ ಹೊತ್ತುವಷ್ಟರಲ್ಲಿ ಕಂಪ್ಯೂಟರ್ ಆರಿರುತ್ತದೆ.

ಏನೇನು ಬೇಕು

ಓದು, ಕೋಡಿಂಗ್, ತೋಟದ ಲೆಕ್ಕ, ಸಿನಿಮಾ, ಚೂರುಪಾರು ಗೇಮ್. ಇಷ್ಟಕ್ಕೆ ಎಎಂಡಿಯ ರೈಜನ್ 5 5600ಜಿ ಇವತ್ತಿಗೂ ಒಳ್ಳೆಯ ಆಯ್ಕೆ. 2021ರಲ್ಲಿ ಬಂದ, ಆರು ಕೋರ್‌ಗಳ ಪ್ರೊಸೆಸರ್ ಇದು. ಗ್ರಾಫಿಕ್ಸ್ ಒಳಗೇ ಇದೆ, ಬಾಕ್ಸ್ ಜೊತೆ ಕೂಲರ್ ಬರುತ್ತದೆ. ಇಂಟೆಲ್ ಬೇಕೆನ್ನುವವರಿಗೆ ಐ3 12100 ಇದೆ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಕೊಂಚ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಮೂಡದು.

5600ಜಿಗೆ ಎಎಂ4 ಸಾಕೆಟ್ಟಿನ ಮದರ್‌ಬೋರ್ಡ್ ಬೇಕು. ಬಿ550 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಬೋರ್ಡ್ ತನ್ನಿ. ರ‍್ಯಾಮ್ 8 ಜಿಬಿಯ ಎರಡು ಕಡ್ಡಿ, ಡಿಡಿಆರ್4. ಒಂದೇ 16 ಜಿಬಿ ಕಡ್ಡಿಗಿಂತ ಎರಡು ಹಾಕುವುದು ಮೇಲು, ಏಕೆಂದರೆ ಈ ಪ್ರೊಸೆಸರಿನ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಂಡು ಕೆಲಸ ಮಾಡುತ್ತದೆ, ಜೋಡಿ ಕಡ್ಡಿಯಿದ್ದರೆ ಅದರ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಡಿಡಿಆರ್5 ಕಡ್ಡಿ ಈ ಬೋರ್ಡಿಗೆ ಕೂರುವುದಿಲ್ಲ, ಗೀರಿನ ಜಾಗವೇ ಬೇರೆ. ಸ್ಟೋರೇಜಿಗೆ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ, 2280 ಅಳತೆಯದ್ದು, ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಚೌಕಾಶಿ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹೆಸರಿಲ್ಲದ ಡಬ್ಬಿಯನ್ನು ಒಪ್ಪಿಕೊಳ್ಳಬೇಡಿ. ಹೆಸರಾಂತ ಕಂಪನಿಯ, 80 ಪ್ಲಸ್ ಬ್ರಾಂಝ್ ಗುರುತಿರುವ (ಕರೆಂಟು ಪೋಲಾಗುವುದು ಕಡಿಮೆ ಎಂಬುದರ ಗುರುತು), 450 ಅಥವಾ 550 ವಾಟ್‌ನದು ತನ್ನಿ. ದುಡ್ಡು ಸಾಲದಿದ್ದರೆ ಕ್ಯಾಬಿನೆಟ್ಟಿನ ಬಣ್ಣದ ಲೈಟು ಬಿಡಿ, ಎಸ್‌ಎಸ್‌ಡಿ ಸಣ್ಣದು ಹಾಕಿ. ಎಲ್ಲ ಭಾಗಗಳಿಗೂ ಕರೆಂಟು ಹೋಗುವುದು ಇದರ ಮೂಲಕವೇ. ಕಳಪೆಯದು ಸಾಯುವಾಗ ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆಯ್ಕೆ ಹೆಚ್ಚು, ದರವೂ ಕಡಿಮೆ. ಕುಣಿಗಲ್ ಮಾರ್ಗದ ರೈಲು 2017ರಲ್ಲಿ ಶುರುವಾದ ಮೇಲೆ ಹಾಸನದವರು ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಬಾಕ್ಸ್ ಇಲ್ಲದ ‘ಟ್ರೇ’ ಪ್ರೊಸೆಸರ್ ತೋರಿಸಿ ಅಗ್ಗ ಎಂದರೆ ಬೇಡವೆನ್ನಿ, ಬಾಕ್ಸ್ ಪೀಸಿಗೆ ಇರುವ ಮೂರು ವರ್ಷದ ಕಂಪನಿ ವಾರಂಟಿ ಅದಕ್ಕಿರುವುದಿಲ್ಲ. ಆದರೆ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್ ಐನೂರು ರೂಪಾಯಿ ಹೆಚ್ಚಾದರೂ ಊರಿನ ಅಂಗಡಿಯಲ್ಲೇ ಕೊಳ್ಳುವುದು ಲೇಸು. ಕೆಟ್ಟಾಗ ವಾರಂಟಿಗೆ ಕಳಿಸಿಕೊಡುವವರು ಕೈಗೆಟಕುವ ದೂರದಲ್ಲಿರುತ್ತಾರೆ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಮೇಜಿನ ಮೇಲೆ

ಮೈಯ ಸ್ಥಿರ ವಿದ್ಯುತ್ತು ಚಿಪ್ಪಿಗೆ ಅಪಾಯ. ಚಳಿಗೆ ಹಾಕಿದ ಉಣ್ಣೆ ಸ್ವೆಟರ್ ತೆಗೆದಿಟ್ಟು ಕೂರಿ. ಎಸ್‌ಎಂಪಿಎಸ್ಸನ್ನು ಗೋಡೆಯ ಪ್ಲಗ್ಗಿಗೆ ಹಾಕಿ, ಗೋಡೆಯ ಸ್ವಿಚ್ಚನ್ನೂ ಅದರ ಹಿಂದಿನ ಸ್ವಿಚ್ಚನ್ನೂ ಆರಿಸಿಡಿ. ಸ್ವಿಚ್ ಆರಿದ್ದರೂ ಅರ್ಥ್ ಕೂಡಿಕೊಂಡೇ ಇರುತ್ತದೆ. ಆಗಾಗ ಅದರ ಲೋಹದ ಮೈ ಮುಟ್ಟುತ್ತಿದ್ದರೆ ಸಾಕು.

ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಕ್ಯಾಬಿನೆಟ್ಟಿನ ಹೊರಗೇ ಕೆಲಸ ಶುರುಮಾಡಿ. ಮೊದಲು ಪ್ರೊಸೆಸರ್. ಹೊಸಬರ ಕೈ ನಡುಗುವುದು ಇಲ್ಲೇ. 5600ಜಿಯ ಅಡಿಯಲ್ಲಿ ಕೂದಲಿನಂಥ ಸಾವಿರಕ್ಕೂ ಹೆಚ್ಚು ಪಿನ್ನುಗಳಿವೆ, ಒಂದು ಬಾಗಿದರೂ ತೊಂದರೆ. ಅಂಚು ಹಿಡಿದೇ ಎತ್ತಿ. ಒಂದು ಮೂಲೆಯಲ್ಲಿ ಸಣ್ಣ ಚಿನ್ನದ ಬಣ್ಣದ ತ್ರಿಕೋನ ಕಾಣುತ್ತದೆ, ಸಾಕೆಟ್ಟಿನ ಮೂಲೆಯಲ್ಲೂ ಒಂದಿದೆ. ಸಾಕೆಟ್ ಪಕ್ಕದ ಲಿವರನ್ನು ನೆಟ್ಟಗೆ ಮೇಲೆತ್ತಿ, ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಮೆಲ್ಲಗೆ ಬಿಡಿ. ತನ್ನ ಭಾರಕ್ಕೆ ತಾನೇ ಇಳಿದು ಕೂರುತ್ತದೆ. ಕೂರದಿದ್ದರೆ ಒತ್ತಬೇಡಿ, ಎತ್ತಿ ಮತ್ತೆ ನೋಡಿ. ಕೂತಮೇಲೆ ಲಿವರ್ ಇಳಿಸಿ. ಇಂಟೆಲ್ ಐ3ಯಲ್ಲಿ ಪಿನ್ನುಗಳು ಸಾಕೆಟ್ಟಿನೊಳಗೆ ಇರುತ್ತವೆ, ಲಿವರ್ ಇಳಿಸುವಾಗ ಸ್ವಲ್ಪ ಬಲ ಬೇಕು, ಕಿರ್ ಎಂಬ ಸದ್ದೂ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ.

ರ‍್ಯಾಮಿಗೆ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಟಕ್ ಎಂದು ಬೀಗ ಬೀಳುವ ತನಕ ಎರಡೂ ತುದಿ ಒತ್ತಬೇಕು. ಇಲ್ಲಿ ಅಳುಕಬೇಡಿ. ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮಲಗಿಸಿ, ಒಂದು ಸ್ಕ್ರೂ ಹಾಕಿದರೆ ಮುಗಿಯಿತು.

ಕೂಲರ್ ಕೂರಿಸಲು ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಬಿಚ್ಚುವಾಗ ಹಿಂಬದಿಯ ಲೋಹದ ಪಟ್ಟಿ ಕಳಚಿ ಬೀಳುತ್ತದೆ, ಒಂದು ಕೈ ಕೆಳಗೆ ಹಿಡಿದಿರಿ. ಕೂಲರಿನ ಬುಡದಲ್ಲಿ ಶಾಖ ದಾಟಿಸುವ ಪೇಸ್ಟ್ ಹಚ್ಚಿಯೇ ಬಂದಿರುತ್ತದೆ, ಮುಟ್ಟಬೇಡಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಫ್ಯಾನಿನ ವೈರು ‘ಸಿಪಿಯು ಫ್ಯಾನ್’ ಎಂದು ಬರೆದ ಕಡೆಗೆ.

ಒಮ್ಮೆ ಹೊತ್ತಿಸಿ ನೋಡಿ

ಕ್ಯಾಬಿನೆಟ್ಟಿಗೆ ಇಳಿಸುವ ಮುಂಚೆಯೇ ಪರೀಕ್ಷೆ ಮಾಡಿಬಿಡಿ. ಎಸ್‌ಎಂಪಿಎಸ್‌ನ 24 ಪಿನ್ ಕೇಬಲ್ ಬೋರ್ಡಿನ ಬಲಅಂಚಿಗೆ, 8 ಪಿನ್ ಕೇಬಲ್ ಎಡಮೇಲ್ಮೂಲೆಗೆ. ಈ ಎಂಟು ಪಿನ್ನಿನದು ಮರೆತುಹೋಗುವುದು ಬಲು ಮಾಮೂಲಿ. ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲೂ ಎಂಟು ಪಿನ್ನಿನದೇ, ಆದರೆ ಅದು ಆರು ಮತ್ತು ಎರಡಾಗಿ ಒಡೆಯುತ್ತದೆ. ನಿಮಗೆ ಬೇಕಾದದ್ದು ನಾಲ್ಕು ಮತ್ತು ನಾಲ್ಕಾಗಿ ಒಡೆಯುವಂಥದ್ದು. ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐಗೆ ಸೇರಿಸಿ, ಸ್ವಿಚ್ ಹಾಕಿ, ಬೋರ್ಡಿನ ಪುಸ್ತಕದಲ್ಲಿ ಪವರ್ ಸ್ವಿಚ್ ಎಂದು ತೋರಿಸಿದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಫ್ಯಾನ್ ತಿರುಗಿ ಪರದೆಯ ಮೇಲೆ ಬಯೋಸ್, ಅಂದರೆ ಬೋರ್ಡಿನ ಸ್ವಂತ ಸೆಟ್ಟಿಂಗ್ಸ್ ಪುಟ, ಬಂದರೆ ಗೆದ್ದಿರಿ.

ಬರಲಿಲ್ಲವೆಂದರೆ ಗಾಬರಿ ಬೇಡ. ಕೆಲವು ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ದೀಪಗಳಿರುತ್ತವೆ, ಹೊತ್ತಿದ ದೀಪವೇ ಜಾಗ ತೋರಿಸುತ್ತದೆ. ಕರೆಂಟು ಆರಿಸಿ ರ‍್ಯಾಮ್ ಕಿತ್ತು ಮತ್ತೆ ಕೂರಿಸಿ, ಎಂಟು ಪಿನ್ನಿನ ಕೇಬಲ್ ಇನ್ನೊಮ್ಮೆ ನೋಡಿ. ಡಿಡಿಆರ್5 ಇರುವ ಹೊಸ ಬೋರ್ಡ್ ತಂದವರಿಗೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ರ‍್ಯಾಮನ್ನು ಹೊಂದಿಸಿಕೊಳ್ಳಲು ಅದಕ್ಕೆ ಅಷ್ಟು ಹೊತ್ತು ಬೇಕು, ಸ್ವಿಚ್ ಆರಿಸಬೇಡಿ.

ಬಯೋಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದರೆ ರ‍್ಯಾಮ್ ಡಬ್ಬಿಯ ಮೇಲೆ ಬರೆದ ವೇಗಕ್ಕೆ ಬರುತ್ತದೆ. ಬಯೋಸ್ ಅಪ್‌ಡೇಟ್ ಮಾತ್ರ ಗುಡುಗು ಕೇಳುತ್ತಿರುವಾಗ ಮಾಡಬೇಡಿ. ಅರ್ಧದಲ್ಲಿ ಕರೆಂಟು ಹೋದರೆ ಬೋರ್ಡೇ ಏಳದೆ ಹೋಗಬಹುದು.

ಕ್ಯಾಬಿನೆಟ್ಟಿಗೆ ಇಳಿಸುವಾಗ ಹಿಂಬದಿಯ ತಗಡಿನ ಐಒ ಶೀಲ್ಡ್ (ಪೋರ್ಟುಗಳ ಸುತ್ತ ಕೂರುವ ತೂತುಗಳ ಪಟ್ಟಿ) ಮೊದಲು. ಬೋರ್ಡಿನಲ್ಲಿ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಬೋರ್ಡನ್ನು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಇರಬೇಕು, ತೂತಿಲ್ಲದ ಕಡೆ ಒಂದೂ ಇರಬಾರದು, ಇದ್ದರೆ ಶಾರ್ಟ್ ಆಗುತ್ತದೆ. ಸಾಫ್ಟ್‌ವೇರ್ ಕೆಲಸ ಸುಲಭ. ಲಿನಕ್ಸ್ ಮಿಂಟ್ ಅಥವಾ ಉಬುಂಟು ಪುಕ್ಕಟೆ, 8 ಜಿಬಿ ಪೆನ್‌ಡ್ರೈವ್ ಸಾಕು, ಕನ್ನಡ ಕೀಬೋರ್ಡ್ ಸೆಟ್ಟಿಂಗ್ಸಿನಲ್ಲೇ ಸಿಗುತ್ತದೆ. ವಿಂಡೋಸ್ ಬೇಕಾದವರು 11ನ್ನೇ ಹಾಕಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೂಮಳೆಯಿಂದ ಪುಷ್ಯದ ತನಕ

ಕಾಫಿಗೆ ಹೂಮಳೆ ಬೀಳುವ ಹೊತ್ತಿಗೇ ಸಿಡಿಲೂ ಶುರು. ಯುಪಿಎಸ್ ಇದೆಯೆಂಬ ಧೈರ್ಯ ಸಿಡಿಲಿನ ಮುಂದೆ ನಡೆಯದು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕೀಳಿ, ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರ್ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರಿನಿಂದ ಒಳಬಂದದ್ದು ಲ್ಯಾನಿನ ತಾಮ್ರದ ತಂತಿ ಹಿಡಿದು ಮದರ್‌ಬೋರ್ಡಿಗೆ ತಲುಪಬಲ್ಲದು.

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಮೂಡಿಗೆರೆ, ಸಕಲೇಶಪುರದ ಮನೆಗಳಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಮೇಜಿನ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರ. ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಅದರ ಶಾಖವೇ ಒಳಗಿನ ತೇವ ಆರಿಸುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಬಟ್ಟೆ ಹೊದಿಸಿ. ಹಿಂಬದಿಯ ಖಾಲಿ ಸ್ಲಾಟುಗಳ ತಗಡು ತೆಗೆದಿದ್ದರೆ ವಾಪಸ್ ಹಾಕಿ, ಜಿರಳೆ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವುದು ಆ ಸಂದಿನಿಂದಲೇ.

ಯುಪಿಎಸ್ ಬ್ಯಾಟರಿಯನ್ನು ಪ್ರತಿ ವರ್ಷ ಮಳೆಗೆ ಮುಂಚೆ ಪರೀಕ್ಷಿಸಿ. ಕಂಪ್ಯೂಟರ್ ಓಡುತ್ತಿರುವಾಗ, ಫೈಲುಗಳನ್ನೆಲ್ಲ ಸೇವ್ ಮಾಡಿಕೊಂಡು, ಗೋಡೆಯ ಸ್ವಿಚ್ ಆರಿಸಿ. ಐದು ನಿಮಿಷವೂ ನಿಲ್ಲಲಿಲ್ಲವೆಂದರೆ ಬ್ಯಾಟರಿ ಮುಗಿದಿದೆ. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಹಳೆಯದನ್ನು ಕಸಕ್ಕೆ ಹಾಕಬೇಡಿ, ಸೀಸ ಇರುವುದರಿಂದ ಬ್ಯಾಟರಿ ಅಂಗಡಿಯವರೇ ತೂಕಕ್ಕೆ ದುಡ್ಡು ಕೊಟ್ಟು ವಾಪಸ್ ತೆಗೆದುಕೊಳ್ಳುತ್ತಾರೆ.