ಪಿತ್ತನಾಳದ ಸ್ಟ್ರಿಕ್ಚರ್: ಹೊಲಿಗೆಗಿಂತ ಮೊದಲಿನ ಕೆಲಸವೇ ಜಾಸ್ತಿ

ಪಿತ್ತಕೋಶ ತೆಗೆಸಿಕೊಂಡವರು ಕೆಲವು ತಿಂಗಳ ನಂತರ ಮೈ ತುರಿಕೆ, ಚಳಿಜ್ವರ, ಹಳದಿ ಮೂತ್ರ ಎಂದು ಬಂದರೆ ನನ್ನ ಅನುಮಾನ ಮೊದಲು ಲಿವರ್‌ನಿಂದ ಕರುಳಿಗೆ ಪಿತ್ತ ಒಯ್ಯುವ ಪಿತ್ತನಾಳದ ಮೇಲೆ. ಕ್ಯಾನ್ಸರ್ ಅಲ್ಲದ ಸ್ಟ್ರಿಕ್ಚರ್‌ಗೆ, ಅಂದರೆ ನಾಳ ಕಿರಿದಾಗುವುದಕ್ಕೆ, ಮುಖ್ಯ ಕಾರಣ ಆ ಆಪರೇಷನ್‌ನಲ್ಲಿ ನಾಳಕ್ಕೆ ಬಿದ್ದ ಪೆಟ್ಟು. ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ವಸ್ತು) ನಾರ್ಮಲ್ ಇದೆ ಅಂತ ಸುಮ್ನೆ ಕಳಿಸುವುದಿಲ್ಲ. ಪಿತ್ತ ಕಟ್ಟಿಕೊಂಡಾಗ ರಕ್ತದಲ್ಲಿ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಮೊದಲೇ ಏರಿರಬಹುದು.

ಹೊಟ್ಟೆಗೆ ಯಾವ ಆಪರೇಷನ್ನೂ ಆಗಿಲ್ಲ ಎಂದರೆ ಕಥೆ ಬೇರೆ. ಆಗ ಕ್ಯಾನ್ಸರ್ ಇಲ್ಲ ಎನ್ನುವ ಮೊದಲು ಹತ್ತು ಸಲ ಯೋಚಿಸುತ್ತೇನೆ. ಕ್ಯಾನ್ಸರ್ ಸುಳಿವಿಗೆಂದು ರಕ್ತದಲ್ಲಿ ನೋಡುವ ಸಿಎ 19-9 ಕಾಮಾಲೆಯಲ್ಲೂ ಏರುತ್ತದೆ. ನಾಳದ ಒಳಗೆ ಬ್ರಷ್‌ನಿಂದ ಉಜ್ಜಿ ತೆಗೆದಾಗ ಕ್ಯಾನ್ಸರ್ ಕಣ ಸಿಗಲಿಲ್ಲ ಎಂದರೆ ಕ್ಯಾನ್ಸರ್ ಇಲ್ಲ ಎಂದಲ್ಲ. ಐಜಿಜಿ4 ಕಾಯಿಲೆಯಾದರೆ (ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಳವನ್ನು ಊದಿಸುವುದು) ಸ್ಟೀರಾಯ್ಡ್‌ಗೇ ಇಳಿಯಬಹುದು, ಚಾಕು ಯಾಕೆ?

ಎಂಆರ್‌ಸಿಪಿಯಲ್ಲಿ (ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್) ನಾನು ಹುಡುಕುವುದು ಕಿರಿದಾದ ಜಾಗದ ಮೇಲೆ ಎಷ್ಟು ನಾಳ ಉಳಿದಿದೆ, ಬಲ-ಎಡ ನಾಳಗಳು ಇನ್ನೂ ಕೂಡಿವೆಯೇ ಎಂಬುದನ್ನು. ಸ್ಟ್ರಿಕ್ಚರ್‌ಗಳನ್ನು ವಿಂಗಡಿಸುವ ಬಿಸ್ಮತ್ ವರ್ಗೀಕರಣ ನಿಂತಿರುವುದೂ ಇದರ ಮೇಲೆಯೇ. ಜೊತೆಗೆ ಸಿಟಿ ಮಾಡಿಸಿ, ಲಿವರ್‌ಗೆ ರಕ್ತ ಒಯ್ಯುವ ಬಲ ಹೆಪಾಟಿಕ್ ಆರ್ಟರಿಗೂ ಪೆಟ್ಟಾಗಿದೆಯೇ ನೋಡುತ್ತೇನೆ. ನಾಳ ಪೂರ್ತಿ ಕಡಿದಿಲ್ಲ, ಕಿರಿದಾದ ಜಾಗವನ್ನು ವೈರ್ ದಾಟುತ್ತದೆ ಎಂದರೆ ಇಆರ್‌ಸಿಪಿಯಲ್ಲಿ (ಬಾಯಿಯಿಂದ ಇಳಿಸುವ ಎಂಡೋಸ್ಕೋಪ್ ಮೂಲಕ) ನಾಳ ತೆರೆದಿಡುವ ಕೊಳವೆ, ಅಂದರೆ ಸ್ಟೆಂಟ್ ಹಾಕಿ, ಸುಮಾರು 3 ತಿಂಗಳಿಗೊಮ್ಮೆ ಬದಲಿಸುತ್ತಾ ಒಂದು ವರ್ಷ ನೋಡಬಹುದು. ದಾಟದಿದ್ದರೆ ಆಪರೇಷನ್.

ಅದೂ ತಕ್ಷಣ ಅಲ್ಲ. ಪಿತ್ತ ಸೋರಿ ಸೋಂಕಾಗಿದ್ದರೆ ಡ್ರೈನ್ ಇಟ್ಟು, ಆ್ಯಂಟಿಬಯಾಟಿಕ್, ವಿಟಮಿನ್ ಕೆ, ಊಟದ ಪುಷ್ಟಿ ಕೊಟ್ಟು 6ರಿಂದ 12 ವಾರ ಕಾಯುತ್ತೇನೆ. "ಇನ್ನೂ ಯಾಕೆ ಕಾಯ್ಬೇಕು ಡಾಕ್ಟ್ರೇ?" ಎಂದು ಮನೆಯವರು ಕೇಳುವುದು ಸಹಜ, ಅಲ್ವಾ? ಊದಿದ ಜಾಗಕ್ಕೆ ಹಾಕಿದ ಹೊಲಿಗೆ ಹಿಡಿಯುವುದಿಲ್ಲ ಎಂದು ವಿವರಿಸುತ್ತೇನೆ.

ಒಳಗೆ ಲಿವರ್‌ನ ತಳಕ್ಕೆ ಡ್ಯುಯೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ದೊಡ್ಡ ಕರುಳು ಅಂಟಿಕೊಂಡಿರುತ್ತವೆ. ಲಿವರ್‌ನ ಅಂಚು ಬಿಡದೆ ಹಿಡಿದು ಹೋಗುತ್ತೇನೆ. ಗಾಯ ಕಟ್ಟಿದ ಜಾಗ ಕೆದಕುವುದಿಲ್ಲ. ಹೈಲರ್ ಪ್ಲೇಟ್ (ಲಿವರ್‌ನ ತಳದಲ್ಲಿ ನಾಳಗಳನ್ನು ಹೊದ್ದ ಗಟ್ಟಿ ಪದರ) ಇಳಿಸಿದರೆ ಎಡ ನಾಳ ಲಿವರ್‌ನ ಹೊರಗೇ ಅಡ್ಡಕ್ಕೆ ಸಿಗುತ್ತದೆ. ತೆಳು ಸೂಜಿ ಚುಚ್ಚಿ ಎಳೆಯುತ್ತೇನೆ: ಪಿತ್ತ ಬಂದರೆ ನಾಳ, ರಕ್ತ ಬಂದರೆ ಅಲ್ಲ. ನಾಳದ ಮುಂದಿನ ಗೋಡೆಯನ್ನಷ್ಟೇ ಸೀಳುತ್ತೇನೆ. ಹಿಂದೆ ಬಿಡಿಸಲು ಹೋದರೆ ನಾಳದ ರಕ್ತ ಪೂರೈಕೆಗೇ ಕುತ್ತು. ಸೀಳನ್ನು ಎಡ ನಾಳದೊಳಕ್ಕೆ ಎಳೆದು ಬಾಯಿ 2 ಸೆಂಟಿಮೀಟರ್ ಅಥವಾ ಹೆಚ್ಚು ಅಗಲ ಮಾಡುತ್ತೇನೆ.

ಆಮೇಲೆ 40ರಿಂದ 60 ಸೆಂಟಿಮೀಟರ್‌ನ ರೂ ಲೂಪ್ (ಪಿತ್ತ ಹರಿಯಲೆಂದು ಬಿಡಿಸಿದ ಸಣ್ಣ ಕರುಳಿನ ತೋಳು) ಮೇಲೆ ತಂದು ಆ ಬಾಯಿಗೆ ಜೋಡಿಸುವುದು. ಮುಂದಿನ ಸಾಲಿನ 5-0 ಪಿಡಿಎಸ್ (ತಾನೇ ಕರಗುವ ತೆಳು ದಾರ) ಹೊಲಿಗೆಗಳನ್ನು ಮೊದಲು ನಾಳಕ್ಕೆ ಹಾಕಿ, ಒಂದೊಂದಕ್ಕೂ ಕ್ಲ್ಯಾಂಪ್ ಕಚ್ಚಿಸಿ ಮೇಲೆತ್ತಿ ಇಡುತ್ತೇನೆ. ಆಗ ಹಿಂದಿನ ಸಾಲು ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಒಳಪದರಕ್ಕೆ ಒಳಪದರ ಕೂಡಬೇಕು, ಎಳೆತ ಇರಬಾರದು.

ಮತ್ತೆ ಕಿರಿದಾಗುವುದು ವರ್ಷಗಳ ನಂತರವೂ ಉಂಟು. ಹಾಗಾಗಿ ರಕ್ತಪರೀಕ್ಷೆ ನಿಲ್ಲಿಸಲು ಬಿಡುವುದಿಲ್ಲ. ಚಳಿಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಅದೇ ದಿನ ಬರಬೇಕೆಂದು ಡಿಸ್ಚಾರ್ಜ್ ಕಾಗದದಲ್ಲೇ ಬರೆಯುತ್ತೇನೆ.