ಎಚ್‌ಪಿ ಡಬಲ್ ಮಾಡದೆ ಡ್ರ್ಯಾಗನ್ ಗಟ್ಟಿ ಮಾಡಿದ್ದು: ನನ್ನ ಅನುಭವ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ (ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಟೇಬಲ್ ಸುತ್ತ ಕೂತು ಡೈಸ್ ಉರುಳಿಸಿ ಆಡೋ ಆಟ) 12-13ನೇ ಲೆವೆಲ್‌ನ ಐದು ಜನರ ಮುಂದೆ ಒಂಟಿ ಡ್ರ್ಯಾಗನ್ ನಿಲ್ಲಲ್ಲ, ಜೊತೆಗೆ ಒಂದಷ್ಟು ಕೋಬೋಲ್ಡ್ (ಹಲ್ಲಿಯಂಥ ಪುಟ್ಟ ಜೀವಿಗಳು) ಬಿಡು, ಇಲ್ಲಾಂದ್ರೆ ಎಚ್‌ಪಿ (ಹಿಟ್ ಪಾಯಿಂಟ್, ಎಷ್ಟು ಏಟು ತಡೀತದೆ ಅನ್ನೋ ಲೆಕ್ಕ) ಡಬಲ್ ಮಾಡು ಅಂತ ನಾನು ಕೇಳಿದ ಡಿಎಂಗಳೆಲ್ಲ (ಆಟ ನಡೆಸೋ ಡಂಜನ್ ಮಾಸ್ಟರ್‌ಗಳು) ಹೇಳಿದ್ರು. ಕೋಬೋಲ್ಡ್ ನನಗೆ ಬೇಕಿರಲಿಲ್ಲ. ಡ್ರ್ಯಾಗನ್ ಅಂದ್ರೆ ಅದೊಂದೇ ಸಾಕು ಅನ್ನಿಸ್ಬೇಕು, ಆ ಹಟ ನಂದು. ಈಗ ನಾನು ಕಟ್ಟಿದ ಡ್ರ್ಯಾಗನ್, ಹೆಸರು ಕೆಂಡಬೆನ್ನ, ಬೆಂಗಳೂರಿನ ನಮ್ಮ ಟೇಬಲ್‌ನಲ್ಲೂ ಮೈಸೂರಿನ ಗೆಳೆಯರ ಟೇಬಲ್‌ನಲ್ಲೂ ಒಬ್ಬನೇ ನಿಂತು ಆರೇಳು ರೌಂಡ್ (ಎಲ್ಲರ ಸರದಿ ಅಂದ್ರೆ ಟರ್ನ್ ಮುಗಿಯೋ ಒಂದೊಂದು ಸುತ್ತು) ಹೊಡೆದಾಡಿದಾನೆ, ‘ಆಗಲ್ಲ ಬಿಡು ಗುರು’ ಅಂದವರೇ ಸ್ಟಾಟ್ ಬ್ಲಾಕ್ (ಅದರ ನಂಬರ್‌ಗಳ ಪಟ್ಟಿ) ಕೊಡು ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ನಾವಾಡೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಎಡಿಷನ್, 2014ರ ರೂಲ್ಸ್, ಕೆಳಗಿರೋ ನಂಬರ್ ಎಲ್ಲ ಆ ಲೆಕ್ಕದ್ದೇ.

ಮೊದಲು ಪುಸ್ತಕದಲ್ಲಿರೋ ಅಡಲ್ಟ್ ರೆಡ್ ಡ್ರ್ಯಾಗನ್ನೇ ಇಟ್ಟು ನೋಡಿದ್ದು. ಸಿಆರ್ (ಎಷ್ಟು ಕಷ್ಟದ ಎದುರಾಳಿ ಅನ್ನೋ ಅಂಕಿ) 17, ಎಸಿ (ಏಟು ತಾಗೋಕೆ ಬರ್ಬೇಕಾದ ನಂಬರ್) 19, ಎಚ್‌ಪಿ 256, 60 ಅಡಿ ಕೋನ್‌ನಲ್ಲಿ 18ಡಿ6 (ಆರು ಮುಖದ ಹದಿನೆಂಟು ಡೈಸ್ ಮೊತ್ತದಷ್ಟು) ಬೆಂಕಿ. ಓದೋವಾಗ ಭಯಂಕರ. ಆದ್ರೆ ಕ್ಲೆರಿಕ್ (ಇದೂ, ಮುಂದೆ ಬರೋ ರೇಂಜರ್, ಪ್ಯಾಲಡಿನ್, ರೋಗ್, ವಿಜರ್ಡ್ ಎಲ್ಲವೂ ಆಟಗಾರರ ಪಾತ್ರಗಳು) ಮುಂಚೇನೇ ಹೆದರಿಕೆ ತಡೆಯೋ ಹೀರೋಸ್ ಫೀಸ್ಟ್ ಅನ್ನೋ ಮಂತ್ರದೂಟ ಬಡಿಸಿ ಕೂತಿದ್ದ, ಎದುರಿಗಿರೋರನ್ನ ಹೆದರಿಸೋ ಫ್ರೈಟ್‌ಫುಲ್ ಪ್ರೆಸೆನ್ಸ್ ಅಲ್ಲಿಗೇ ಮುಗೀತು. ಬೆಂಕಿ ಉಗುಳಿದ್ರೆ ರೇಂಜರ್ ಅಬ್ಸಾರ್ಬ್ ಎಲಿಮೆಂಟ್ಸ್ ಸ್ಪೆಲ್ (ಮಂತ್ರ) ಹಾಕಿ ಅರ್ಧ ಇಳಿಸ್ಕೊಂಡ. ಆಮೇಲೆ ಶಾರ್ಪ್‌ಶೂಟರ್ ಬಾಣ, ಪ್ಯಾಲಡಿನ್ ಸ್ಮೈಟ್, ರೋಗ್ ಸ್ನೀಕ್ ಅಟ್ಯಾಕ್ ಎಲ್ಲ ಸೇರಿ ರೌಂಡಿಗೆ ಹೆಚ್ಚು ಕಮ್ಮಿ 130 ಡ್ಯಾಮೇಜ್, ಎರಡನೇ ರೌಂಡ್ ಮುಗಿಯೋದ್ರೊಳಗೆ ಡ್ರ್ಯಾಗನ್ ನೆಲಕ್ಕೆ. ಎರಡು ತಿಂಗಳಿಂದ ಊರೂರಲ್ಲಿ ಇದರ ಹೆಸರು ಹೇಳಿಸಿ ಹೆದರಿಸಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು.

ಎಲ್ಲರ ಮಾತಿನಂತೆ ಎಚ್‌ಪಿನ 500ರ ಹತ್ತಿರ ಏರಿಸಿ, ಬೇರೆ ಗುಂಪು ಕರೆದು ಒಂದು ಟೆಸ್ಟ್ ಫೈಟ್ ಇಟ್ಟೆ. ಕೆಫೆ ಟೇಬಲ್ ಚಾರ್ಜ್ ತಲೆಗೆ ಮುನ್ನೂರರ ಸುತ್ತ, ಕರೆದಿದ್ದು ನಾನಾದ್ರಿಂದ ಕೊಟ್ಟಿದ್ದೂ ನಾನೇ. ಡ್ರ್ಯಾಗನ್ ಬದುಕ್ತು, ಆದ್ರೆ ಆಟ ಸತ್ತುಹೋಯ್ತು. ಕಚ್ಚು, ಪರಚು, ಬಾಲ ಬೀಸು, ಮತ್ತೆ ಕಚ್ಚು. ಮೂರನೇ ರೌಂಡಿಗೆ ಇಬ್ಬರು ಮೊಬೈಲ್ ತೆಗೆದಿದ್ರು. ಇನ್ನು ಬೆಂಕಿ ವಿಷಯ, ರೀಚಾರ್ಜ್ 5-6 ಅಂದ್ರೆ ಆರು ಮುಖದ ಡೈಸ್‌ನಲ್ಲಿ 5 ಅಥವಾ 6 ಬಿದ್ರೆ ಮಾತ್ರ ಮತ್ತೆ ಉಗುಳಬಹುದು, ಪ್ರತಿ ಟರ್ನ್‌ಗೆ ಮೂರಕ್ಕೊಂದು ಚಾನ್ಸ್, ಮೂರು ಟರ್ನ್ ಉರುಳಿಸಿದ್ರೂ ಒಂದ್ಸಲವೂ ಬರದೇ ಇರೋ ಚಾನ್ಸ್ 27ಕ್ಕೆ 8, ನೂರಕ್ಕೆ ಮೂವತ್ತರ ಹತ್ತಿರ. ಆವತ್ತು ಹಂಗೇ ಆಯ್ತು, ಶುರುವಲ್ಲಿ ಒಂದ್ಸಲ ಉಗುಳಿದ್ದು, ಮತ್ತೆ ಇಲ್ಲ. ಬೆಂಕಿ ಉಗುಳದ ರೆಡ್ ಡ್ರ್ಯಾಗನ್ ಇಟ್ಕೊಂಡು ಏನು ಮಾಡೋದು ಹೇಳಿ.

ಆಗ ಹೊಳೆದಿದ್ದು ಒಂದೇ ವಿಷಯ, ಡ್ರ್ಯಾಗನ್ ಎಷ್ಟು ಹೊಡೆತ ತಡೀತದೆ ಅನ್ನೋದಕ್ಕಿಂತ ಅದರ ಸರದಿ ಎಷ್ಟು ಸಲ ಬರ್ತದೆ ಅನ್ನೋದು ಮುಖ್ಯ, ಮುಂದಿನ ಸರದೀಲಿ ಏನು ಕಾದಿದೆ ಅಂತ ಕೂತವರಿಗೆ ಕಣ್ಣಿಗೆ ಕಾಣ್ಬೇಕು. ಅದನ್ನೇ ಹಿಡಿದು ಪೂರ್ತಿ ಬಿಚ್ಚಿ ಕಟ್ಟಿದೆ.

ರೌಂಡಿಗೆ ಎರಡು ಟರ್ನ್ ಕೊಟ್ಟೆ, ಒಂದು ಉರುಳಿಸಿದ ಇನಿಶಿಯೇಟಿವ್‌ನಲ್ಲಿ (ಯಾರ ಸರದಿ ಯಾವಾಗ ಅಂತ ಹೇಳೋ ನಂಬರ್), ಇನ್ನೊಂದು ಅದಕ್ಕಿಂತ 10 ಕೆಳಗೆ. ಒಂದೊಂದು ಟರ್ನ್‌ನಲ್ಲಿ ಒಂದು ಕಚ್ಚು ಒಂದು ಪಂಜ ಅಷ್ಟೇ. ಲೆಜೆಂಡರಿ ಆ್ಯಕ್ಷನ್ (ಬೇರೆಯವರ ಟರ್ನ್ ಮುಗಿದಾಗ ಡ್ರ್ಯಾಗನ್‌ಗೆ ಸಿಗೋ ಹೆಚ್ಚುವರಿ ಅವಕಾಶ) ಮೂರರಿಂದ ಎರಡಕ್ಕೆ ಇಳಿಸಿದೆ, ಒಂದು ಬಾಲಕ್ಕೆ, ಇನ್ನೊಂದು ಬರೀ ಜಾಗ ಬದಲಿಸೋಕೆ. ಈಗ ಲೆಕ್ಕ ನೋಡಿ: ಪುಸ್ತಕದ್ದು ಕಚ್ಚು 26, ಪಂಜ 15 ಎರಡು ಸಲ, ಬಾಲ 17 ಮೂರು ಸಲ, ಎಲ್ಲ ತಾಗಿದ್ರೆ ರೌಂಡಿಗೆ 107. ನಂದು 41ರ ಎರಡು ಟರ್ನ್, ಒಂದು ಬಾಲ, ಒಟ್ಟು 99. ಅಂದ್ರೆ ಪುಸ್ತಕದ್ದಕ್ಕಿಂತ ಕಮ್ಮಿ ಹೊಡೀತಾನೆ! ಆದ್ರೂ ಆಡಿದವರೆಲ್ಲ ‘ಇದು ಸಿಆರ್ 20 ಇರ್ಬೇಕು’ ಅಂದ್ರು. ಇದನ್ನ ಹೇಳ್ಕೊಳ್ಳೋಕೆ ನನಗೆ ಹೆಮ್ಮೆನೇ.

ರೀಚಾರ್ಜ್ ಡೈಸ್ ಎತ್ತಿ ಬಿಸಾಕಿದೆ. ಅದರ ಬದ್ಲು ಬೆನ್ನ ಮೇಲೆ ಮೂರು ಕೆಂಡ. ಅವನ ಪ್ರತಿ ಟರ್ನ್ ಕೊನೇಲಿ ಒಂದು ಹೊತ್ಕೊಳ್ತದೆ, ಮೂರೂ ಹೊತ್ತಿದ್ರೆ ಮುಂದಿನ ಟರ್ನ್‌ನಲ್ಲಿ ಉಗುಳೋದು ಖಂಡಿತ, ಆ ಟರ್ನ್‌ನಲ್ಲಿ ಬೇರೇನೂ ಇಲ್ಲ. ಕೋಲ್ಡ್ ಡ್ಯಾಮೇಜ್ ಒಂದೇ ಏಟಿಗೆ 10 ದಾಟಿದ್ರೆ ಒಂದು ಕೆಂಡ ಆರತ್ತೆ, ಬೆನ್ನಿಗೆ ನೀರು ಸುರಿದ್ರೂ ಆರತ್ತೆ. ಯಾರೂ ತಡೀದೇ ಇದ್ರೆ ಎರಡು ರೌಂಡಿಗೊಂದು ಸಲ ಬೆಂಕಿ, ಹಾಗಾಗಿ 18ಡಿ6ನ 14ಡಿ6ಗೆ ಇಳಿಸಿದೆ, ಆವರೇಜ್ 49. ಉಗುಳಿದ ಮೇಲೆ ನೆಲಕ್ಕಿಳೀಲೇಬೇಕು, ಇನ್ನೊಂದು ಟರ್ನ್ ಮುಗಿಯೋವರೆಗೂ ಹಾರೋ ಹಾಗಿಲ್ಲ. ಇದು ಯಾಕಂದ್ರೆ 80 ಅಡಿ ಹಾರೋ ಡ್ರ್ಯಾಗನ್ ಮೇಲೇ ಇದ್ದುಬಿಟ್ರೆ ಹತ್ತಿರ ಹೋಗಿ ಹೊಡೆಯೋ ಪ್ಯಾಲಡಿನ್ ಆಡೋನು ಇಡೀ ಸಂಜೆ ಕೈಕಟ್ಟಿ ಕೂತಿರ್ತಾನೆ, ಅದು ನ್ಯಾಯ ಅಲ್ಲ.

ಫ್ರೈಟ್‌ಫುಲ್ ಪ್ರೆಸೆನ್ಸ್ ಕಿತ್ತು ಹಾಕಿ ಒಂದು ಗರ್ಜನೆ ಕೊಟ್ಟೆ, 60 ಅಡಿ ಒಳಗಿರೋರು ಕಾನ್ಸ್ಟಿಟ್ಯೂಷನ್ ಸೇವ್ (ಮೈ ಗಟ್ಟಿತನದ ಡೈಸ್ ಪರೀಕ್ಷೆ) ಸೋತ್ರೆ ಅವನ ಮುಂದಿನ ಟರ್ನ್ ಮುಗಿಯೋವರೆಗೂ ರಿಯಾಕ್ಷನ್ (ಬೇರೆಯವರ ಸರದೀಲಿ ಥಟ್ಟಂತ ಮಾಡೋದು) ಇಲ್ಲ. ಶೀಲ್ಡ್ ಸ್ಪೆಲ್ ಇಲ್ಲ, ಅಬ್ಸಾರ್ಬ್ ಎಲಿಮೆಂಟ್ಸ್ ಇಲ್ಲ. ಡಿಸಿ (ಆ ಸೇವ್ ಗೆಲ್ಲೋಕೆ ಬೇಕಾದ ನಂಬರ್) ಎಷ್ಟು, ಯಾವಾಗ ಗರ್ಜಿಸ್ತಾನೆ ಅನ್ನೋದು ನನ್ನ ಹತ್ರನೇ ಇರ್ಲಿ, ನಮ್ಮ ಟೇಬಲ್‌ನವರೂ ಇದನ್ನ ಓದ್ತಾರೆ.

ಲೆಜೆಂಡರಿ ರೆಸಿಸ್ಟೆನ್ಸ್ (ಸೋತ ಸೇವ್‌ನ ಗೆದ್ದಂಗೆ ಮಾಡ್ಕೊಳ್ಳೋ ಅವಕಾಶ) ಮೂರೂ ಉಳಿಸ್ಕೊಂಡೆ. ಆದ್ರೆ ಒಂದೊಂದು ಬಳಸಿದಾಗ್ಲೂ ಎದೆಯಿಂದ ಒಂದು ಚಿಪ್ಪು ಉದುರತ್ತೆ, ಎಸಿ ಒಂದು ಕಮ್ಮಿ, ಕೊನೆಗೆ 19 ಇದ್ದಿದ್ದು 16. ವಿಜರ್ಡ್ ಆಡೋರ ದೊಡ್ಡ ಗೋಳೇ ಅದು, ಒಳ್ಳೆ ಸ್ಪೆಲ್ ಹಾಕಿದ್ರೆ ಡಿಎಂ ‘ಸೇವ್ ಆಯ್ತು’ ಅಂತಾನೆ, ಸ್ಲಾಟ್ (ಸ್ಪೆಲ್ ಹಾಕೋಕೆ ಇರೋ ಲೆಕ್ಕದ ಅವಕಾಶ) ನೀರಲ್ಲಿ ಹೋಯ್ತು. ಈಗ ಹೋಲ್ಡ್ ಮಾನ್‌ಸ್ಟರ್ ಸ್ಪೆಲ್ ತಾಗದಿದ್ರೂ ರೇಂಜರ್ ಬಾಣಕ್ಕೆ ದಾರಿ ಆಗತ್ತೆ.

ಎಚ್‌ಪಿ ಎರಡು ತುಂಡು, ಮೊದಲು 160, ಆಮೇಲೆ 140. ಒಟ್ಟು 300, ಡಿಎಂಗಳ ಪುಸ್ತಕ ಡಂಜನ್ ಮಾಸ್ಟರ್ಸ್ ಗೈಡ್‌ನ ಪಟ್ಟೀಲಿ ಸಿಆರ್ 17ಕ್ಕೆ 311ರಿಂದ 325 ಇದೆ, ಅದಕ್ಕಿಂತ ಕಮ್ಮಿನೇ. 160 ಮುಗಿದಾಗ ಮಿಕ್ಕ ಡ್ಯಾಮೇಜ್ ಮುಂದಕ್ಕೆ ಹೋಗಲ್ಲ, ಅವನ ಮೇಲಿದ್ದ ಕಂಡೀಷನ್ (ಕುರುಡು, ಕಟ್ಟಿಹಾಕಿರೋದು ಥರದ್ದು) ಎಲ್ಲ ಕಳಚತ್ತೆ, ಮೂರೂ ಕೆಂಡ ಒಟ್ಟಿಗೇ ಹೊತ್ಕೊಳ್ತದೆ.

ಮಧ್ಯದಲ್ಲಿ ಒಂದು ಬೇರೆ ಪ್ರಯೋಗನೂ ಮಾಡ್ದೆ. 1981ರ ಬೇಸಿಕ್ ಸೆಟ್‌ನಲ್ಲಿ ಡ್ರ್ಯಾಗನ್‌ಗೆ ಆ ಹೊತ್ತಿಗೆ ಎಷ್ಟು ಹಿಟ್ ಪಾಯಿಂಟ್ ಉಳಿದಿದೆಯೋ ಅಷ್ಟೇ ಅದರ ಉಸಿರಿನ ಡ್ಯಾಮೇಜ್, ತುಂಬಾ ಚಂದದ ರೂಲ್ ಅದು, ಡೈಸೇ ಬೇಡ. ನಮ್ಮದರಲ್ಲಿ ಪೂರ್ತಿ ಇಟ್ರೆ ಎಲ್ಲರೂ ಬೂದಿ, ಅದಕ್ಕೆ ಕಾಲುಭಾಗ ಇಟ್ಟೆ: 256ರ ಕಾಲು 64, 18ಡಿ6ನ ಆವರೇಜ್ 63, ಸರಿಯಾಗಿ ಹೊಂದತ್ತೆ! ಶುರುವಲ್ಲಿ ಎಲ್ಲರೂ ಮೈಮೇಲೆ ಬಿದ್ದು ಹೊಡೆದ್ರು, ಮಜಾ ಇತ್ತು, ಆದ್ರೆ ಕೊನೆ ರೌಂಡಲ್ಲಿ ಉಗುಳಿದ ಬೆಂಕಿ 10-12ಕ್ಕೆ ಇಳಿದಿತ್ತು, ಯಾರೂ ತಲೆನೇ ಕೆಡಿಸ್ಕೊಳ್ಳಲಿಲ್ಲ. ಕೈಬಿಟ್ಟೆ. ಚಿಕ್ಕ ಒನ್-ಶಾಟ್‌ಗೆ (ಒಂದೇ ಕೂತಕ್ಕೆ ಮುಗಿಯೋ ಆಟ) ಯಾರಾದ್ರೂ ಮಾಡಿ ನೋಡಿ, ನಡೆಯತ್ತೆ. ಇನ್ನೊಂದು, ದೊಡ್ಡ ಪ್ರಾಣಿ ಮೈ ಹತ್ತೋ ಆಪ್ಷನಲ್ ರೂಲ್ ಗೈಡ್‌ನಲ್ಲೇ ಇದೆಯಲ್ಲ, ಅಥ್ಲೆಟಿಕ್ಸ್ ಅಥವಾ ಅಕ್ರೋಬ್ಯಾಟಿಕ್ಸ್ ಹಾಕಿ ಹತ್ತೋದು, ಅದನ್ನ ಕೆಂಡದ ಜೊತೆ ಸೇರಿಸಿದೆ. ಹತ್ತಿ ಕೂತವನ ಪಕ್ಕದ ಕೆಂಡ ಹೊತ್ಕೊಂಡ್ರೆ 2ಡಿ6 ಸುಡತ್ತೆ. ಇದು ನಾನು ಎಣಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಬಂತು, ಇಟ್ಕೊಂಡೆ.

ದುಡ್ಡಿನ ವಿಷಯಕ್ಕೆ ಬಂದ್ರೆ, ಡ್ರ್ಯಾಗನ್ ಬೊಂಬೆ ರೆಸಿನ್ ಪ್ರಿಂಟ್ ಹಾಕ್ಸಿದ್ದು ಮೂರೂವರೆ ಸಾವಿರದ ಹತ್ತಿರ, ಕೊರಿಯರ್‌ನಲ್ಲಿ ಬರೋವಾಗ ರೆಕ್ಕೆ ಬುಡದಲ್ಲೇ ಮುರಿದಿತ್ತು, ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದ್ರು. ಬ್ಯಾಟಲ್ ಮ್ಯಾಟ್ ಸಾವಿರದ ಎಂಟುನೂರೋ ಏನೋ. ಟೇಬಲ್ ಚಾರ್ಜ್, ಕಾಫಿ, ಪಫ್ಸ್ ಎಲ್ಲ ಸೇರಿ ಒಂಬತ್ತು ಸಾವಿರ ಆಗಿರ್ಬೇಕು. ಆದ್ರೆ ನಿಜವಾಗಿ ಕೆಲಸ ಮಾಡಿದ್ದು ಅದ್ಯಾವುದೂ ಅಲ್ಲ. ಎಸ್‌ಪಿ ರೋಡ್‌ನಲ್ಲಿ ಕೆಂಪು ಎಲ್‌ಇಡಿ, ಕಾಯಿನ್ ಸೆಲ್, ಚಿಕ್ಕ ಸ್ಲೈಡ್ ಸ್ವಿಚ್ ತಂದೆ, ಎಲ್ಲ ಸೇರಿ ನೂರೈವತ್ತು ರೂಪಾಯಿ ಒಳಗೆ. ಫೋಮ್ ಶೀಟ್ ಕತ್ತರಿಸಿ ಮೂರಿಂಚು ಬೇಸ್ ಮೇಲೆ ಮೈ ಕಟ್ಟಿ, ಬೆನ್ನ ಚಿಪ್ಪಿನ ಕೆಳಗೆ ಮೂರು ಎಲ್‌ಇಡಿ ಕೂರಿಸಿ, ಸ್ವಿಚ್ಚುಗಳನ್ನ ಹೊಟ್ಟೆ ಕೆಳಗೆ ಅಡಗಿಸಿದೆ. ಟರ್ನ್ ಮುಗಿದ ಕೂಡ್ಲೇ ಏನೂ ಹೇಳದೆ ಒಂದು ಸ್ವಿಚ್ ತಳ್ಳೋದು. ಫೋಮ್ ತೆಳ್ಳಗಿರೋ ಕಡೆ ಕೆಂಪು ಸೋರಿ ಚಿಪ್ಪಿನ ಅಂಚೆಲ್ಲ ಹೊಳೆಯತ್ತೆ.

ಮೈಸೂರಲ್ಲಿ ಎರಡನೇ ತುಂಡು ಶುರುವಾಗಿ ಮೂರೂ ಹೊತ್ಕೊಂಡಾಗ ಪ್ಯಾಲಡಿನ್ ಆಡ್ತಿದ್ದವನು ಎದ್ದು ನಿಂತು ‘ಏಯ್, ಮೊದ್ಲು ಆ ಲೈಟ್ ಆರ್ಸ್ರೋ!’ ಅಂತ ಕೂಗಿದ. ವಿಜರ್ಡ್ ಹತ್ರ ಐದನೇ ಲೆವೆಲ್ ಸ್ಲಾಟ್ ಉಳಿದಿದ್ದು ಒಂದೇ. ಕೋನ್ ಆಫ್ ಕೋಲ್ಡ್ ಹಾಕಿ ಒಂದು ಕೆಂಡ ಆರಿಸೋದಾ, ವಾಲ್ ಆಫ್ ಫೋರ್ಸ್ ಹಾಕಿ ಬೆಂಕಿನೇ ತಡೆಯೋದಾ? ಗೋಡೆ ಹಾಕಿದ್ರೆ ಆಚೆ ಕಡೆ ಸಿಕ್ಕಿಹಾಕ್ಕೊಂಡಿರೋ ರೋಗ್ ಗತಿ ಏನು? ಹತ್ತು ನಿಮಿಷ ವಾದ ನಡೀತು, ನಾನು ಬಾಯಿ ಬಿಡ್ಲಿಲ್ಲ. ಕೊನೆಗೆ ರೋಗ್ ತಾನೇ ಲಾಯದ ನೀರಿನ ಪೀಪಾಯಿ ಎತ್ಕೊಂಡು ಬೆನ್ನು ಹತ್ತಿದ. ಒಂದು ಕೆಂಡ ಆರಿತು, ಉಗುಳೋದು ಒಂದು ಟರ್ನ್ ಮುಂದಕ್ಕೆ ಹೋಯ್ತು, ಕೆಂಡಬೆನ್ನ ಆ ಟರ್ನ್‌ನಲ್ಲಿ ತಿರುಗಿ ಅವನನ್ನೇ ಕಚ್ಚಿದ. ಗೆದ್ದಿದ್ದು ಅವರೇ, ಇಬ್ಬರು ಡೆತ್ ಸೇವ್ (ಸಾವಾ ಬದುಕಾ ಅನ್ನೋ ಡೈಸ್) ಉರುಳಿಸಿದ ಮೇಲೆ.

ಲೆವೆಲ್ 7-8ರ ಟೇಬಲ್‌ಗೆ ಬೇಕು ಅನ್ನೋರು ಯಂಗ್ ರೆಡ್ ತಗೊಳ್ಳಿ, ಸಿಆರ್ 10, ಎಚ್‌ಪಿ 178. ಅದಕ್ಕೆ ಲೆಜೆಂಡರಿ ಏನೂ ಇಲ್ಲ, ಎರಡು ಟರ್ನ್ ಕೊಟ್ರೆ ಸಾಕು, ಎಚ್‌ಪಿನ 90-90 ಮಾಡಿ. ಬೆಂಕಿ ಮಾತ್ರ ಪುಸ್ತಕದ 16ಡಿ6 ಇಡ್ಬೇಡಿ, ಆವರೇಜ್ 56 ಬರತ್ತೆ, ಆ ಲೆವೆಲ್ ವಿಜರ್ಡ್ ಒಂದೇ ಸಲಕ್ಕೆ ಮಲಗ್ತಾನೆ. 10ಡಿ6 ಇಡಿ, ಕೆಂಡ ಮೂರೇ ಇರ್ಲಿ. ನೀರು ಸಿಗೋ ಜಾಗ ಮ್ಯಾಪ್‌ನಲ್ಲಿ ಎರಡಾದ್ರೂ ಬೇಕು. ಕೆಂಡಬೆನ್ನ ತಾನೇ ಕೆರೆಗಿಳಿದ್ರೆ ಏನಾಗತ್ತೆ ಅನ್ನೋದು ಮಾತ್ರ ಈಗ ಹೇಳಲ್ಲ, ಅದು ಮುಂದಿನ ಕ್ಯಾಂಪೇನ್‌ಗೆ ಇಟ್ಕೊಂಡಿದೀನಿ.